ಡೋಲಿ ಹೊರುವವರ ಉಸಿರು

"ಮನೆ ತುಂಬ ಜನ ಇಟ್ಟುಕೊಂಡು ಯೋಗ ಮಾಡೋದು ಹೇಗೆ, ಬುದ್ಧಿ?" ಎಂದು ಶಿಷ್ಯ ಕೇಳಿದ.

ಅವನ ಹೆಸರು ಮರಿಲಿಂಗಯ್ಯ. ಪೇಟೆಯಲ್ಲಿ ಬಟ್ಟೆ ಅಂಗಡಿ, ಮನೆಯಲ್ಲಿ ಹನ್ನೊಂದು ಜನ. ಮೂರು ವರ್ಷದಿಂದ ಗುರುಗಳ ಬಳಿ ಪ್ರಾಣಾಯಾಮ ಕಲಿಯುತ್ತಿದ್ದ. ಬೆಳಗ್ಗೆ ಕಣ್ಣು ಮುಚ್ಚಿ ಕುಳಿತರೆ ಒಬ್ಬರು ಬೀಗದ ಕೈ ಕೇಳುತ್ತಾರೆ, ಒಬ್ಬರು ಬಾಗಿಲು ತಟ್ಟುತ್ತಾರೆ, ಅಡುಗೆಮನೆಯಲ್ಲಿ ಪಾತ್ರೆ ಬೀಳುತ್ತದೆ. ಬೀದಿಯಲ್ಲಿ ಒಂದು ದಿನ ಮದುವೆ, ಒಂದು ದಿನ ತಿಥಿ. ಹೋಗದಿದ್ದರೆ ಜನ ಆಡಿಕೊಳ್ಳುತ್ತಾರೆ, ಹೋದರೆ ಸಾಧನೆ ತಪ್ಪುತ್ತದೆ. ಇದೆಲ್ಲವನ್ನೂ ಅವನು ಹೇಳಿಕೊಂಡ. ಊರ ಹೊರಗೆ ಒಂದು ಕೋಣೆ ನೋಡಿ ಬಂದಿದ್ದ. ಮುಂದಿನ ಸೋಮವಾರದಿಂದ ಒಬ್ಬನೇ ಅಲ್ಲಿ ಇರುವುದೆಂದು ಗಟ್ಟಿ ಮಾಡಿಕೊಂಡಿದ್ದ. ಗುರುಗಳು ಹೂಂ ಅಂದರೆ ಸಾಕಿತ್ತು.

ತೀರ್ಮಾನ ಮಾಡಿಕೊಂಡ ಮೇಲೆ ಸಲಹೆ ಕೇಳಲು ಬರುವವರನ್ನು ಗುರುಗಳು ಬಹಳ ಕಂಡಿದ್ದರು. ಅವರು ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ.

"ಒಂದು ಕತೆ ಹೇಳುತ್ತೇನೆ. ಕೇಳಿಸಿಕೊಂಡು ಆಮೇಲೆ ನಿನ್ನ ಕೋಣೆಗೆ ಹೋಗುವೆಯಂತೆ" ಎಂದು ಶುರು ಮಾಡಿದರು.

ಒಂದು ಬೆಟ್ಟ. ಬೆಟ್ಟದ ಮೇಲೆ ಒಂದು ಊರು. ಆ ಊರಿಗೆ ಗಾಡಿದಾರಿ ಇರಲಿಲ್ಲ. ಬಂಡೆ ಕಡಿದು ಮಾಡಿದ ಮೆಟ್ಟಿಲುಗಳ ಕಾಲುದಾರಿ ಒಂದೇ. ವೈದ್ಯ ಇದ್ದದ್ದು ಬೆಟ್ಟದ ಬುಡದಲ್ಲಿ. ಮೇಲಿನ ಊರಿನಲ್ಲಿ ಯಾರಿಗಾದರೂ ಕಾಯಿಲೆ ಜೋರಾದರೆ ಡೋಲಿಯಲ್ಲಿ ಹೊತ್ತು ಇಳಿಸಬೇಕು. ಉದ್ದನೆಯ ಒಂದು ಬಿದಿರ ಗಳು, ಅದಕ್ಕೆ ತೊಟ್ಟಿಲ ಹಾಗೆ ಕಟ್ಟಿದ ಕಂಬಳಿ, ಕಂಬಳಿಯೊಳಗೆ ರೋಗಿ. ಮುಂದೆ ಇಬ್ಬರು, ಹಿಂದೆ ಇಬ್ಬರು ಹೊರುತ್ತಿದ್ದರು.

ಹೊರುವುದು ಸುಲಭ ಎಂದುಕೊಳ್ಳಬೇಡ. ಮೂಟೆ ಹೊರುವವನು ತನ್ನ ಪಾಡಿಗೆ ನಡೆದಾನು. ಡೋಲಿ ಹೊರುವ ನಾಲ್ವರು ಒಂದೇ ಗಳಿನ ಕೆಳಗೆ ಇರುತ್ತಾರೆ. ಒಬ್ಬನ ಉಸಿರು ತಪ್ಪಿದರೆ ಅವನ ಹೆಜ್ಜೆ ತಪ್ಪುತ್ತದೆ. ಒಬ್ಬನ ಹೆಜ್ಜೆ ತಪ್ಪಿದರೆ ಗಳು ತೂಗುತ್ತದೆ, ಒಳಗಿನ ರೋಗಿಯ ಮೈ ಕುಲುಕುತ್ತದೆ. ಆದ್ದರಿಂದ ಆ ಊರಿನವರು ಒಂದು ಪದ್ಧತಿ ಇಟ್ಟುಕೊಂಡಿದ್ದರು.

ಡೋಲಿ ಎತ್ತುವ ಮೊದಲು ನಾಲ್ವರೂ ನೆಲದ ಮೇಲೆ ಕೂರಬೇಕು. ಊರಿನ ಹಿರಿಯ ಒಬ್ಬೊಬ್ಬರ ಬೆನ್ನ ಮೇಲೂ ಅಂಗೈ ಇಟ್ಟು ನೋಡುತ್ತಿದ್ದ. ಆ ದಿನ ಯಾರ ಉಸಿರು ಎಲ್ಲರಿಗಿಂತ ಗಿಡ್ಡವೋ ಅವನನ್ನು ಮುಂದೆ ನಿಲ್ಲಿಸಿ, "ಇವತ್ತಿನ ಉಸಿರು ಇವನದು" ಎನ್ನುತ್ತಿದ್ದ. ಅವನು ಉಸಿರು ಬಿಡುವಾಗಲೆಲ್ಲ ಮೆಲ್ಲಗೆ ಹೂಂ ಅನ್ನಬೇಕು. ಉಳಿದ ಮೂವರೂ ಆ ಹೂಂಗೆ ತಮ್ಮ ಉಸಿರು ಕೂಡಿಸಿ ಹೆಜ್ಜೆ ಹಾಕಬೇಕು. ಬಲಶಾಲಿ ಮುಂದೆ ನಿಂತು ಎಳೆದುಕೊಂಡು ಹೋಗುವುದು ಆ ಬೆಟ್ಟದಲ್ಲಿ ಇರಲಿಲ್ಲ. ಉದ್ದ ಉಸಿರು ಗಿಡ್ಡದ್ದಕ್ಕೆ ಬಾಗೀತು, ಗಿಡ್ಡದ್ದನ್ನು ಉದ್ದಕ್ಕೆ ಎಳೆದರೆ ಹರಿದೀತು ಎಂದು ಅವರು ಹೇಳುತ್ತಿದ್ದರು. ಓದು ಬರಹ ಇಲ್ಲದ ಜನ. ಯಾವ ಶಾಸ್ತ್ರಿಯಿಂದ ಇದನ್ನು ಕಲಿತರೋ ನನಗೆ ತಿಳಿಯದು.

ಹೊರುವವರಲ್ಲಿ ಒಬ್ಬ ಹರೆಯದವನಿದ್ದ. ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಆ ವರ್ಷ ಮಳೆಗಾಲ ಕಳೆಯಲು ಒಬ್ಬ ಸಂನ್ಯಾಸಿ ಬೆಟ್ಟದ ಗುಹೆಗೆ ಬಂದು ನೆಲೆಸಿದ. ಹರೆಯದವನು ದಿನವೂ ಅವನಿಗೆ ಹಾಲು ಕೊಡಲು ಹೋಗುತ್ತಿದ್ದ. ಹಾಲು ಕೊಡುತ್ತ ಕೊಡುತ್ತ ಪ್ರಾಣಾಯಾಮ ಕಲಿತ. ಹದಿನಾರು ಎಣಿಸುವಷ್ಟು ಹೊತ್ತು ಒಳಗೆ ಎಳೆಯುವುದು, ಅರವತ್ತನಾಲ್ಕು ಎಣಿಸುವಷ್ಟು ಹೊತ್ತು ತಡೆಯುವುದು, ಮೂವತ್ತೆರಡರಲ್ಲಿ ಬಿಡುವುದು. ದೊಡ್ಡ ದೊಡ್ಡವರಿಗೆ ವರ್ಷಗಟ್ಟಲೆ ಹಿಡಿಯುವುದು ಅವನಿಗೆ ನಾಲ್ಕೇ ತಿಂಗಳಲ್ಲಿ ಕೈಗೂಡಿತು. ಸಂನ್ಯಾಸಿಯೇ ಬೆರಗಾದ. ಹುಡುಗನ ಉಸಿರು ಉದ್ದವಾಯಿತು, ಅದರ ಜೊತೆಗೆ ಮೂಗೂ ಸ್ವಲ್ಪ ಮೇಲೇರಿತು. ಅದು ಆಗುವಂಥದ್ದೇ, ನಮಗೆಲ್ಲ ಆಗಿದೆ.

ಒಂದು ತೊಂದರೆ ಇತ್ತು. ಅವನು ಕುಳಿತ ಹೊತ್ತಿಗೇ ಯಾರಾದರೂ ಬಂದು ಡೋಲಿಗೆ ಕರೆಯುತ್ತಿದ್ದರು. ಅವನು ಸಂನ್ಯಾಸಿಯ ಹತ್ತಿರ ದೂರಿದ. "ಹೆಗಲ ಮೇಲೆ ಭಾರ ಇರುವಾಗಲೂ ಉಸಿರನ್ನು ಮರೆಯಬೇಡ" ಎಂದ ಸಂನ್ಯಾಸಿ. ಮಾತೇನೋ ಸರಿಯಾದದ್ದೇ. ಹರೆಯದವನು ಮಾಡಿದ್ದೇನು ಗೊತ್ತೇ? ಗಳಿನ ಕೆಳಗೆ ನಿಂತು ತನ್ನ ಹದಿನಾರು, ಅರವತ್ತನಾಲ್ಕು, ಮೂವತ್ತೆರಡನ್ನು ಎಣಿಸತೊಡಗಿದ.

ಆ ದಿನ ಡೋಲಿಯಲ್ಲಿ ಇದ್ದವನು ಕಾಲಿಗೆ ಕೊಡಲಿ ಬಿದ್ದಿದ್ದ ಒಬ್ಬ ರೈತ. ಉಸಿರು ಮುಂದಿನವನದು, ಅವನಿಗೆ ಐವತ್ತು ದಾಟಿತ್ತು. ಅವನು ಹೂಂ ಅನ್ನುತ್ತಿದ್ದ. ಹರೆಯದವನ ಕಿವಿಗೆ ಅದು ಬೀಳುತ್ತಿರಲಿಲ್ಲ, ಅವನ ತಲೆಯೊಳಗೆ ಲೆಕ್ಕ ಓಡುತ್ತಿತ್ತು. ಕಡಿದಾದ ಮೆಟ್ಟಿಲ ಹತ್ತಿರ ಅವನ ಕಾಲು ಅರ್ಧ ಹೆಜ್ಜೆ ತಡವಾಗಿ ಬಿತ್ತು. ಗಳು ಒಂದು ಪಕ್ಕಕ್ಕೆ ಹೊರಳಿತು. ಮುಂದಿನವನು ಭಾರವನ್ನು ಬಿಡಲಿಲ್ಲ, ಬಿಡದೆಯೇ ಮಂಡಿಯೂರಿ ಬಂಡೆಯ ಮೇಲೆ ಬಿದ್ದ. ಡೋಲಿ ನೆಲ ಮುಟ್ಟಲಿಲ್ಲ. ಅವನ ಮಂಡಿಯ ಚಿಪ್ಪು ಒಡೆಯಿತು.

ಹರೆಯದವನನ್ನು ಯಾರೂ ಬೈಯಲಿಲ್ಲ. ಹೊರೆಯ ಕೆಳಗೆ ಜಗಳ ಆಡಬಾರದು ಎಂಬುದು ಅವರ ಕಟ್ಟಳೆ. ಇಳಿಸಿದ ಮೇಲೂ ಯಾರೂ ಮಾತೆತ್ತಲಿಲ್ಲ. ಮುಂದಿನ ಸಲ ಡೋಲಿ ಎತ್ತುವಾಗ ಇವನೂ ಹೋಗಿ ಕುಳಿತ. ಹಿರಿಯ ಎಲ್ಲರ ಬೆನ್ನ ಮೇಲೆ ಕೈ ಇಟ್ಟ, ಇವನ ಬೆನ್ನು ಬಂದಾಗ ಮುಂದಕ್ಕೆ ಹೋದ. ಬೈದಿದ್ದರೆ ವಾಸಿ ಇತ್ತು.

ಅವನಿಗೆ ಉರಿದುಹೋಯಿತು. ಈ ಬೆಟ್ಟದಲ್ಲಿ ನನ್ನಷ್ಟು ಉದ್ದ ಉಸಿರು ಯಾರಿಗಿದೆ? ಇವರ ನಡುವೆ ಇದ್ದರೆ ನನ್ನ ಸಾಧನೆ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದ ಹಾಗೆಯೇ ಸರಿ. ಹೀಗೆ ಅಂದುಕೊಂಡು ಸಂನ್ಯಾಸಿಯ ಬಳಿಗೆ ಹೋದ. ಸಂನ್ಯಾಸಿ ಕಾರ್ತಿಕದ ಹುಣ್ಣಿಮೆ ಕಳೆದ ಮೇಲೆ ಹೊರಡುವವನಿದ್ದ. ಇವನು, ನಾನೂ ಬರುತ್ತೇನೆ ಎಂದ. ಮನೆಗೆ ಬಂದು ಹೆಂಡತಿಗೂ ಹೇಳಿದ.

"ಆಗಲಿ" ಎಂದಳು ಆಕೆ.

ಒಂದೇ ಮಾತಿನಲ್ಲಿ ಒಪ್ಪಿದಳಲ್ಲ ಎಂದು ಅವನಿಗೆ ಸಂತೋಷವಾಯಿತು. ಎರಡನೆಯ ಮಾತು ಆಡಲು ಆಕೆಯಲ್ಲಿ ಉಸಿರಿರಲಿಲ್ಲ. ಅದು ಅವನಿಗೆ ಕಾಣಲಿಲ್ಲ.

ಹುಣ್ಣಿಮೆಗೆ ಇನ್ನೂ ಮೂರು ದಿನ ಇತ್ತು. ಅವನು ಬೆಳಗ್ಗೆ ಎದ್ದು ಎಂದಿನಂತೆ ಕುಳಿತ. ಆ ದಿನ ಲೆಕ್ಕ ಎಲ್ಲೂ ತಪ್ಪಲಿಲ್ಲ. ತುಂಬ ಚೆನ್ನಾಗಿ ಆಯಿತು ಎಂದುಕೊಂಡು ಕಣ್ಣು ಬಿಟ್ಟ. ಒಲೆ ಹತ್ತಿರಲಿಲ್ಲ. ಒಲೆಯ ಪಕ್ಕದಲ್ಲಿ ಹೆಂಡತಿ ಗೋಡೆಗೆ ಒರಗಿ ಜಾರಿ ಬಿದ್ದಿದ್ದಳು. ತುಟಿ ನೀಲಿಯಾಗಿತ್ತು, ಮೈ ಕೆಂಡದ ಹಾಗೆ ಸುಡುತ್ತಿತ್ತು. ಅವನು ಕುಳಿತ ಜಾಗಕ್ಕೂ ಆಕೆ ಬಿದ್ದ ಜಾಗಕ್ಕೂ ನಾಲ್ಕು ಮಾರು ದೂರವಿರಲಿಲ್ಲ.

ಅವನು ಕೂಗಿಕೊಂಡ. ಕೂಗು ಕೇಳಿ ಹಿರಿಯ ಬಂದ, ಅಕ್ಕಪಕ್ಕದವರು ಬಂದರು. ಹಿರಿಯ ಆಕೆಯ ಬೆನ್ನ ಮೇಲೆ ಅಂಗೈ ಇಟ್ಟು ನೋಡಿದ.

"ಎಷ್ಟು ದಿನದಿಂದ ಹೀಗಿದೆ?" ಎಂದು ಕೇಳಿದ.

ಗಂಡ ಬಾಗಿಲ ಕಡೆ ನೋಡಿದ. ಬಾಗಿಲಲ್ಲಿ ನಿಂತಿದ್ದ ನೆರೆಮನೆಯವಳು ಹೇಳಿದಳು: "ಎಂಟು ದಿನ ಆಯ್ತು ದೊಡ್ಡಪ್ಪ. ನೀರು ತರೋವಾಗ ನಾಲ್ಕು ಕಡೆ ಕೂತ್ಕೋತಿದ್ಲು. ಇವರಿಗೆ ಹೇಳು ಅಂದ್ರೆ, ಅವರು ಜಪಕ್ಕೆ ಕೂತಿರ್ತಾರೆ ಅಂತಿದ್ಲು."

ಡೋಲಿ ತಂದರು. ಊರಿನ ಗಂಡಸರಲ್ಲಿ ಹೆಚ್ಚಿನವರು ಅವತ್ತು ಜೇನಿಗೆ ಕಾಡಿಗೆ ಹೋಗಿದ್ದರು. ಇವನನ್ನು ಬಿಟ್ಟರೆ ಹೊರಲು ಉಳಿದವರು ಮೂವರೇ. ನಾಲ್ಕನೆಯವನು ಮಂಡಿ ಕಟ್ಟಿಕೊಂಡು ಮಲಗಿದ್ದ. ಇವನು ಹೊರಲೇಬೇಕಾಯಿತು. ನಾಲ್ವರೂ ನೆಲದ ಮೇಲೆ ಕುಳಿತರು. ತನ್ನ ಬೆನ್ನು ಮುಟ್ಟುವುದಿಲ್ಲ ಎಂದು ಇವನು ತಲೆ ತಗ್ಗಿಸಿದ್ದ. ಹಿರಿಯ ಯಾರ ಬೆನ್ನನ್ನೂ ಮುಟ್ಟಲಿಲ್ಲ. ಕಂಬಳಿಯೊಳಗೆ ಮಲಗಿಸಿದ್ದವಳ ಎದೆಯ ಮೇಲೆ ಕೈ ಇಟ್ಟು, "ಇವತ್ತಿನ ಉಸಿರು ಇವಳದು" ಎಂದ.

ಅಂಥ ಮಾತನ್ನು ಆ ನಾಲ್ವರೂ ಕೇಳಿರಲಿಲ್ಲ. ಡೋಲಿಯೊಳಗಿನವರ ಉಸಿರಿಗೆ ಹೆಜ್ಜೆ ಹಾಕಿದ್ದು ಹಿರಿಯನ ಅಪ್ಪನ ಕಾಲದಲ್ಲಿ ಒಂದೇ ಸಲವಂತೆ. ಗಂಡ ಹಿರಿಯನ ಕಾಲು ಹಿಡಿದುಕೊಂಡ.

"ಓಡೋಣ ದೊಡ್ಡಪ್ಪ! ನಾಲ್ಕು ಜನ ಓಡಿದ್ರೆ ಹೊತ್ತೇರೋದರೊಳಗೆ ಇಳೀತೀವಿ."

"ಓಡಿದ್ರೆ ನಾವು ಇಳೀತೀವಿ ಕಣಪ್ಪ. ಇವಳು ಇಳಿಯಲ್ಲ."

ಇವನನ್ನು ಹಿಂದಿನ ಇಬ್ಬರಲ್ಲಿ ಮೊದಲನೆಯವನಾಗಿ, ಆಕೆಯ ತಲೆಯ ಹತ್ತಿರ ನಿಲ್ಲಿಸಿದರು. ಹೂಂ ಅನ್ನಲು ಆಕೆಯಿಂದ ಆಗದು. ಆಕೆಯ ಉಸಿರನ್ನು ಕೇಳಿ ಅವಳ ಬದಲು ಇವನು ಹೂಂ ಅನ್ನಬೇಕು. ಉಳಿದವರು ಅದಕ್ಕೆ ನಡೆಯಬೇಕು. ಒಂದು ಉಸಿರಿಗೆ ಒಂದು ಹೆಜ್ಜೆ. ಸೂರ್ಯ ಹುಟ್ಟುವಾಗ ಎತ್ತಿದರು.

ಮೊದಲು ಇವನಿಗೆ ಆಗಲೇ ಇಲ್ಲ. ಎಳೆದರೆ ಹದಿನಾರು ಎಣಿಸುವ ಮೂಗು ಅದು. ಆಕೆಯ ಉಸಿರೋ ಎರಡು ಎಣಿಸುವುದರೊಳಗೆ ಮುಗಿದುಹೋಗುತ್ತಿತ್ತು. ಇವನ ಎದೆ ತನ್ನ ಅಭ್ಯಾಸಕ್ಕೆ ಹಿಗ್ಗುತ್ತಿತ್ತು, ಇವನು ಅದನ್ನು ಅರ್ಧಕ್ಕೆ ತಡೆದು ಮಡಚುತ್ತಿದ್ದ. ನಾಲ್ಕು ತಿಂಗಳು ಕಷ್ಟಪಟ್ಟು ಉದ್ದ ಮಾಡಿದ್ದನ್ನು ಒಂದು ಬೆಳಗಿನಲ್ಲಿ ಗಿಡ್ಡ ಮಾಡಬೇಕು. ಬೆವರು ಇಳಿಯಿತು. ಕಣ್ಣಲ್ಲಿ ನೀರು ಇಳಿಯಿತು. ಆಕೆಯ ಜೊತೆ ನಾಲ್ಕು ವರ್ಷ ಒಂದೇ ಸೂರಿನಡಿ ಇದ್ದು ಆಕೆಯ ಉಸಿರನ್ನು ಕೇಳುತ್ತಿರುವುದು ಇದೇ ಮೊದಲು ಎಂದು ಅವನಿಗೆ ಹೊಳೆಯಿತು. ಹೂಂ, ಒಂದು ಮೆಟ್ಟಿಲು. ಹೂಂ, ಇನ್ನೊಂದು ಮೆಟ್ಟಿಲು.

ಅರ್ಧ ಬೆಟ್ಟ ಇಳಿದಿರಬೇಕು. ಆಗ ಅವನಿಗೆ ಹಾಗೆ ಮಡಚುವ ಕಷ್ಟ ಇಲ್ಲವಾಯಿತು. ಯಾವುದು ಆಕೆಯ ಉಸಿರು, ಯಾವುದು ತನ್ನದು ಎಂದು ತಿಳಿಯದಾಯಿತು. ಮುಂದಿನ ಇಬ್ಬರು ತಿರುಗಿ ನೋಡದೆಯೇ ಅದೇ ಉಸಿರಿಗೆ ಇಳಿಯುತ್ತಿದ್ದರು. ಹಿಂದಿನವನೂ ಹಾಗೆಯೇ. ಡೋಲಿ ತೂಗಲಿಲ್ಲ, ಗಳು ಕಿರುಗುಟ್ಟಲಿಲ್ಲ. ಪಕ್ಕದಲ್ಲಿ ಕೋಲೂರಿಕೊಂಡು ಬರುತ್ತಿದ್ದ ಹಿರಿಯ ಅದನ್ನು ನೋಡಿ ತಲೆಯ ಮೇಲಿನ ವಸ್ತ್ರ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ದೇವರ ಮುಂದೆ ಹಾಗೆ ತೆಗೆಯುತ್ತಾರೆ. ಐದು ಜನರ ಒಂದು ಉಸಿರು ಬೆಟ್ಟ ಇಳಿಯುತ್ತಿತ್ತು. ನಾನು ಎಷ್ಟೋ ಮಠ ಸುತ್ತಿದ್ದೇನೆ, ಮರಿಲಿಂಗಯ್ಯ. ಸಮಾಧಿಯಲ್ಲಿ ಕುಳಿತವರ ಮುಂದೆ ಕೂತಿದ್ದೇನೆ. ಈ ಕತೆ ಹೇಳುವಾಗ ಮಾತ್ರ ಈಗಲೂ ನನ್ನ ರೋಮ ನಿಲ್ಲುತ್ತದೆ.

ಕಡಿದಾದ ಮೆಟ್ಟಿಲು ಬಂತು. ಅಲ್ಲಿ ಆಕೆಯ ಉಸಿರು ನಿಂತಿತು.

ಇವನು ಹೂಂ ಅನ್ನಲಿಲ್ಲ. ಮೂವರೂ ಇದ್ದಲ್ಲೇ ನಿಂತರು. ಮುಂದಿನವನ ಒಂದು ಕಾಲು ಕೆಳಗಿನ ಮೆಟ್ಟಿಲಲ್ಲಿ, ಒಂದು ಕಾಲು ಮೇಲೆ. ಭಾರವೆಲ್ಲ ಅವನ ಹೆಗಲಿಗೆ ಇಳಿದಿತ್ತು. ಅವನು ಏದುಸಿರು ಬಿಡುತ್ತಿದ್ದ, ಎಲ್ಲರೂ ಬಿಡುತ್ತಿದ್ದರು. ಅಷ್ಟು ಹೊತ್ತು ಹೊತ್ತವರು ಉಸಿರು ಕಟ್ಟಿ ನಿಲ್ಲಲು ಆಗುತ್ತದೆಯೇ? ಆ ಏದುಸಿರಿನ ಸದ್ದಿನಲ್ಲಿ ಆಕೆಯ ಸದ್ದು ಕೇಳಿಸುತ್ತಿರಲಿಲ್ಲ. ಹಿರಿಯ ಕೈ ಮುಂದೆ ಚಾಚಿ, ಮತ್ತೆ ಹಿಂದಕ್ಕೆ ತೆಗೆದುಕೊಂಡ. ಮುಟ್ಟಿ ನೋಡಲು ಅವನಿಗೂ ಭಯವಾಯಿತು. ಇಳಿಸಿಬಿಡೋಣ ಎಂದು ಯಾರೋ ಬಾಯಿ ತೆರೆದರು.

ಇವನೊಬ್ಬನಿಗೆ ಉಸಿರು ಕಟ್ಟಲು ಬರುತ್ತಿತ್ತು. ಕಟ್ಟಿದ. ಹೆಗಲ ಮೇಲೆ ಗಳು ಇತ್ತು, ಎದೆ ಅಲುಗಲಿಲ್ಲ. ಎಣಿಸಲಿಲ್ಲ. ಕಿವಿಯನ್ನು ಕಂಬಳಿಯ ಕಡೆಗೆ ಬಾಗಿಸಿ ನಿಂತ. ಅವನ ಒಳಗೆ ಎಲ್ಲ ಸದ್ದೂ ಅಡಗಿತು. ಆ ಸದ್ದಿಲ್ಲದ ಕಡೆ, ಬಹಳ ದೂರದಲ್ಲಿ, ಬತ್ತಿ ಆರುವ ಮುಂಚೆ ಎಣ್ಣೆ ಎಳೆದುಕೊಳ್ಳುವಷ್ಟು ಸಣ್ಣಗೆ ಒಂದು ಉಸಿರು ಒಳಗೆ ಹೋಯಿತು.

"ಇದೆ" ಎಂದ.

ಮೂವರ ಕಾಲಿಗೂ ಜೀವ ಬಂತು. "ಹೂಂ" ಎಂದ. ಹೆಜ್ಜೆ ಇಟ್ಟರು.

ಸೂರ್ಯ ನೆತ್ತಿಗೆ ಬರುವಾಗ ವೈದ್ಯನ ಅಂಗಳದಲ್ಲಿ ಇಳಿಸಿದರು. ವೈದ್ಯ ಆಕೆಯನ್ನು ದಿಂಬಿಗೆ ಒರಗಿಸಿ ಕೂರಿಸಿ ಔಷಧ ಹಾಕಿದ. ಕುಲುಕಿ ತಂದಿದ್ದರೆ ನನ್ನ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಎಂದ. ಆಕೆ ಬದುಕಿದಳು. ಇಪ್ಪತ್ತು ದಿನ ಅಲ್ಲೇ ಇದ್ದು, ಡೋಲಿಯಲ್ಲೇ ಕೂತು ಮೇಲಕ್ಕೆ ಬಂದಳು.

ಇವನು ಬರಲಿ ಎಂದು ಸಂನ್ಯಾಸಿ ಹುಣ್ಣಿಮೆ ಕಳೆದರೂ ಕಾದಿದ್ದ. ಅವನು ಹೊರಡಲು ಬಂದ ದಿನ ಇನ್ನೊಬ್ಬ ರೋಗಿಯನ್ನು ಇಳಿಸುವುದಿತ್ತು. ಇವನು ಗಳಿನ ಪಕ್ಕ ಕುಳಿತಿದ್ದ. ಹೊರಡುತ್ತೀಯಾ ಎಂದು ಸಂನ್ಯಾಸಿ ಕೇಳಿದ. ಇವನು ತಲೆಯಾಡಿಸಿ, ಇಲ್ಲ ಎಂದ. ಸಂನ್ಯಾಸಿ ತನ್ನ ಜೋಳಿಗೆ ಕೆಳಗಿಟ್ಟ. ಹೇಗೂ ಕೆಳಗೆ ಇಳಿಯುವವನೇ, ನಾನೂ ಒಂದು ಹೆಗಲು ಕೊಡುತ್ತೇನೆ ಎಂದು ಕುಳಿತುಕೊಂಡ. ಹಿರಿಯ ಅವನ ಬೆನ್ನ ಮೇಲೂ ಅಂಗೈ ಇಟ್ಟ, ಎಲ್ಲರ ಮೇಲೂ ಇಟ್ಟ. ಮತ್ತೆ ಸಂನ್ಯಾಸಿಯ ಹತ್ತಿರವೇ ಬಂದು ಕೈಮುಗಿದ.

"ತಪ್ಪು ತಿಳ್ಕೋಬೇಡಿ ಸ್ವಾಮಿ. ಕೂತ್ರೆ ನಿಮ್ಮದು ಉದ್ದ ಇರಬಹುದು. ಹೊರೆ ಅಂದ ತಕ್ಷಣ ನಾಲ್ವರಲ್ಲಿ ನಿಮ್ಮದೇ ಗಿಡ್ಡ. ಇವತ್ತಿನ ಉಸಿರು ನಿಮ್ಮದು."

ಸಂನ್ಯಾಸಿ ಮೊದಲು ನಕ್ಕ. ಆಮೇಲೆ ನಗು ನಿಂತಿತು. ಮುಂದೆ ನಿಂತು, ಹೂಂ ಎನ್ನುತ್ತ ಬೆಟ್ಟ ಇಳಿದ. ಅವನಿಂದ ಕಲಿತವನು ಅವನ ಹಿಂದೆ, ಅವನ ಗಿಡ್ಡ ಉಸಿರಿಗೆ ತನ್ನ ಉಸಿರನ್ನು ಬಾಗಿಸಿ ಹೆಜ್ಜೆ ಹಾಕಿದ. ಬುಡದಲ್ಲಿ ಡೋಲಿ ಇಳಿಸಿದ ಮೇಲೆ ಸಂನ್ಯಾಸಿ ಆ ಬಿದಿರ ಗಳಿಗೆ ನಮಸ್ಕಾರ ಮಾಡಿದ. ತನ್ನ ದಾರಿ ಹಿಡಿದು ಹೋದ.

ಗುರುಗಳು ಕತೆ ನಿಲ್ಲಿಸಿದರು. ಮರಿಲಿಂಗಯ್ಯ ಕೇಳಿದ:

"ಹಾಗಾದ್ರೆ ಅವನು ಪ್ರಾಣಾಯಾಮ ಬಿಟ್ಟುಬಿಟ್ಟನಾ, ಬುದ್ಧಿ?"

"ಯಾಕೆ ಬಿಡಬೇಕು? ಸಾಯುವ ತನಕ ಮಾಡಿದ, ಅದೇ ಮನೆಯಲ್ಲಿ, ಅದೇ ಒಲೆಯ ಪಕ್ಕದಲ್ಲಿ. ಮೆಟ್ಟಿಲ ಮೇಲೆ ಆ ಉಸಿರನ್ನು ಕೇಳಿಸಿಕೊಂಡದ್ದು ಪ್ರಾಣಾಯಾಮ ಮಾಡಿದ ಕಿವಿಯೇ ಅಲ್ಲವೇ? ದಿನ ಬೆಳಗ್ಗೆ ಮೊದಲು ಮನೆಯಲ್ಲಿ ಮಲಗಿದವರ ಉಸಿರನ್ನು ಕೇಳುತ್ತಿದ್ದ. ಆಮೇಲೆ ತನ್ನದನ್ನು ಹಿಡಿಯುತ್ತಿದ್ದ."

ಮರಿಲಿಂಗಯ್ಯ ಟವೆಲಿನ ತುದಿಯನ್ನು ಸುತ್ತುತ್ತ ಕೂತ. ಕತೆ ಅವನಿಗೆ ಹಿಡಿಸಿತ್ತು. ಆದರೂ ಅವನ ಮನಸ್ಸು ಆ ಕೋಣೆಯಲ್ಲೇ ಇತ್ತು.

"ನಂಗೊಂದು ತೀರ್ಮಾನ ಹೇಳಿ. ಸೋಮವಾರ ನಾನು ಅಲ್ಲಿಗೆ ಹೋಗಲೋ, ಬೇಡವೋ?"

ಗುರುಗಳು ಎದ್ದು ನಿಂತರು.

"ಧಾರಾಳವಾಗಿ ಹೋಗು. ಒಂದೇ ಒಂದು ಹೇಳಿ ಹೋಗು: ನಿಮ್ಮ ಮನೆಯ ಹನ್ನೊಂದು ಜನರಲ್ಲಿ ಎಲ್ಲರಿಗಿಂತ ಗಿಡ್ಡ ಉಸಿರು ಯಾರದು?"

ಮರಿಲಿಂಗಯ್ಯ ಮನೆಯವರನ್ನು ಒಬ್ಬೊಬ್ಬರಾಗಿ ಬೆರಳಲ್ಲಿ ಎಣಿಸತೊಡಗಿದ. ಅವನಿಗೆ ಗೊತ್ತಿರಲಿಲ್ಲ.